ಐಸಿಯುಗೆ ಬಂದು ಮೂರು ತಿಂಗಳಾಯಿತು, ಭಯ ಹೋಗ್ತಿಲ್ಲ. ವಾಪಸ್ ವಾರ್ಡ್ ಕೇಳಲಾ?

ತುಂಗೆಯ ಹುಡುಗಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಐಸಿಯುನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸಿಸ್ಟರ್‌ಗಳು, ಬ್ರದರ್‌ಗಳು ಇದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮ ಊರು ತೀರ್ಥಹಳ್ಳಿ ಕಡೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡ್‌ನಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಕೆಲಸ ಜಾಸ್ತಿ ಇತ್ತು, ಆದರೂ ಕೈಗೆ ಹಿಡಿತ ಸಿಕ್ಕಿತ್ತು. ಮೂರು ತಿಂಗಳ ಹಿಂದೆ ಐಸಿಯುಗೆ ಹಾಕಿದರು. ಹದಿನೈದು ದಿನ ಸೀನಿಯರ್ ಜೊತೆ ನಿಂತು ಕಲಿತೆ. ಹದಿನಾರನೇ ದಿನದಿಂದ ನನ್ನದೇ ಪೇಷಂಟ್, ನನ್ನದೇ ಚಾರ್ಟ್.

ಕಳೆದ ವಾರ ನೈಟ್ ಡ್ಯೂಟಿ. ನನಗೆ ಎರಡು ಬೆಡ್, ಇಬ್ಬರೂ ವೆಂಟಿಲೇಟರ್ ಮೇಲೆ. ಅದರಲ್ಲಿ ಒಬ್ಬರಿಗೆ ಸೆಪ್ಸಿಸ್, ಅಂದರೆ ಮೈಯೆಲ್ಲಾ ಹರಡಿದ ತೀವ್ರ ಸೋಂಕು, ಬಿಪಿ ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್ ಸಿರಿಂಜ್ ಪಂಪ್‌ನಲ್ಲಿ ಓಡುತ್ತಿತ್ತು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಪಕ್ಕದ ಬೆಡ್‌ನವರಿಗೆ ಸಕ್ಷನ್ ಮಾಡುತ್ತಿದ್ದೆ (ಉಸಿರಿನ ಟ್ಯೂಬ್‌ನಿಂದ ಕಫ ಎಳೆಯುವುದು), ಆಗಲೇ ಪಂಪ್ ಕೂಗಿತು. ಸಿರಿಂಜ್ ಖಾಲಿ. ಗ್ಲೌಸ್ ತೆಗೆದು, ಕೈ ತೊಳೆದು, ಆಂಪ್ಯೂಲ್ ಒಡೆದು, ಡೈಲ್ಯೂಟ್ ಮಾಡಿ, ಲೇಬಲ್ ಬರೆದು ಹಾಕುವಷ್ಟರಲ್ಲಿ 112 ಇದ್ದ ಬಿಪಿ 58ಕ್ಕೆ ಬಂದಿತ್ತು. ಹೊಸ ಸಿರಿಂಜ್ ಹಾಕಿ ಸ್ಟಾರ್ಟ್ ಒತ್ತಿದ ಮೇಲೂ ಏರಲಿಲ್ಲ. ಪಂಪ್ ಓಡುತ್ತಿದೆ, ಬಿಪಿ ಮಾತ್ರ ಇಳಿಯುತ್ತಲೇ ಇದೆ. ನನಗೆ ಕೈಕಾಲೇ ಆಡಲಿಲ್ಲ. ಸೀನಿಯರ್ ಸಿಸ್ಟರ್ ಓಡಿ ಬಂದರು, ಡ್ಯೂಟಿ ಡಾಕ್ಟರ್‌ನ ಕರೆದರು, ಹತ್ತು ನಿಮಿಷದಲ್ಲಿ ಎಲ್ಲ ಸರಿ ಹೋಯಿತು. ಆ ಪೇಷಂಟ್ ಈಗ ವಾರ್ಡ್‌ನಲ್ಲಿದ್ದಾರೆ, ಇಡ್ಲಿ ತಿನ್ನುತ್ತಿದ್ದಾರಂತೆ. ಯಾರೂ ನನಗೆ ಬೈಯಲಿಲ್ಲ. ಅದೇ ಇನ್ನೂ ಕಷ್ಟ.

ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ ಎದೆ ಧಸಕ್ ಅನ್ನುತ್ತದೆ. ಅಮ್ಮ "ವಾರ್ಡ್‌ಗೇ ಹೋಗೇ ಮಾರಾಯ್ತಿ, ಸಂಬಳ ಎರಡು ಕಡೆಯೂ ಅಷ್ಟೇ ಅಲ್ವಾ" ಅನ್ನುತ್ತಾರೆ. ಈ ಭಯ ಯಾವಾಗಲಾದರೂ ಹೋಗುತ್ತಾ? ಇಲ್ಲ ನಾನು ಈ ಕೆಲಸಕ್ಕೆ ಸರಿಯಾದವಳಲ್ಲವಾ?

ಇನ್ನೊಂದು ಸಣ್ಣ ಪ್ರಶ್ನೆ. ಪ್ರಜ್ಞೆ ಇಲ್ಲದ ಪೇಷಂಟ್ ಜೊತೆಗೂ ಮಾತಾಡಬೇಕು ಅಂತ ಕಾಲೇಜಿನಲ್ಲಿ ಹೇಳಿದ್ದರು. ನಿಜವಾಗಿ ಯಾರಾದರೂ ಮಾತಾಡುತ್ತೀರಾ? ನನಗೆ ಏನು ಹೇಳಬೇಕು ಅಂತಲೇ ತೋಚುವುದಿಲ್ಲ.

ರಾತ್ರಿಪಾಳಿ:

ತಂಗಿ, ಮೊದಲು ಒಂದು ಕೆಲಸ ಮಾಡು. ಆ ರಾತ್ರಿ ಏನಾಯಿತು ಅಂತ ಇನ್ಸಿಡೆಂಟ್ ಫಾರ್ಮ್‌ನಲ್ಲಿ ಬರೆದು ಕೊಡು. ಇನ್ನೂ ಬರೆದಿಲ್ಲ ಅಂದುಕೊಳ್ಳುತ್ತೇನೆ. ಬರೆಯುವಾಗ ಅತ್ತರೂ ಪರವಾಗಿಲ್ಲ, ನಾನೂ ಅತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ಐಸಿಯುನಲ್ಲೇ ಹದಿನೇಳು ವರ್ಷ ಕಳೆದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹೊಸ ಸಿರಿಂಜ್ ಹಾಕಿದ ಮೇಲೂ ಬಿಪಿ ಯಾಕೆ ಏರಲಿಲ್ಲ ಅಂತ ನಿನಗೆ ಯಾರಾದರೂ ಹೇಳಿದರಾ? ಹೇಳಿಲ್ಲ ಅನ್ನಿಸುತ್ತದೆ. ನಿನ್ನ ಅರ್ಧ ಭಯ ಅಲ್ಲೇ ಇದೆ. ನಾರ್‌ಅಡ್ರಿನಲಿನ್ ರಕ್ತದಲ್ಲಿ ನಿಲ್ಲುವ ಔಷಧಿಯಲ್ಲ. ಎರಡು ಎರಡೂವರೆ ನಿಮಿಷದಲ್ಲಿ ಅರ್ಧ ಹೋಗಿಬಿಡುತ್ತದೆ. ಹಾಗಾಗಿ ನಿಂತ ತಕ್ಷಣ ಬಿಪಿ ಬೀಳುತ್ತದೆ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಹೊಸ ಸಿರಿಂಜನ್ನು ಪಂಪ್‌ನಲ್ಲಿ ಕೂರಿಸಿದಾಗ ಸಿರಿಂಜ್‌ನ ಹಿಂಬದಿಗೂ ಪಂಪ್ ತಳ್ಳುವ ಭಾಗಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಗಂಟೆಗೆ 3 ಎಂಎಲ್, 4 ಎಂಎಲ್ ಓಡುವಾಗ ಆ ಸಂದು ಮುಚ್ಚುವುದಕ್ಕೇ ಕೆಲವು ನಿಮಿಷ ಬೇಕು. ಪಂಪ್ ಮೇಲೆ ಹಸಿರು ಲೈಟ್ ಉರಿಯುತ್ತಿರುತ್ತದೆ, ಪೇಷಂಟ್‌ಗೆ ಒಂದು ಹನಿಯೂ ಹೋಗುತ್ತಿರುವುದಿಲ್ಲ. ನೀನು ನಿಂತು ನೋಡಿದ್ದು ಇದನ್ನೇ.

ಅದಕ್ಕೆ ನಾವು ಮಾಡುವುದು ಹೀಗೆ. ಸಿರಿಂಜ್‌ನಲ್ಲಿ ಒಂದು ಗಂಟೆಗೆ ಆಗುವಷ್ಟು ಉಳಿದಾಗಲೇ ಮುಂದಿನದು ತಯಾರಾಗಿ ಪಕ್ಕದಲ್ಲಿರಬೇಕು. ಹೊಸ ಸಿರಿಂಜನ್ನು ಎರಡನೇ ಪಂಪ್‌ನಲ್ಲಿ ಕೂರಿಸು. ಪೇಷಂಟ್‌ಗೆ ಜೋಡಿಸುವ ಮೊದಲೇ ಪರ್ಜ್, ಅಂದರೆ ಔಷಧಿಯನ್ನು ವೇಗವಾಗಿ ತಳ್ಳುವ ಬಟನ್, ಒತ್ತಿ, ಲೈನ್ ತುದಿಯಲ್ಲಿ ಹನಿ ಕಾಣುವವರೆಗೆ ಓಡಿಸು. ಆಮೇಲೆ ಜೋಡಿಸಿ ಅದೇ ರೇಟ್‌ನಲ್ಲಿ ಶುರು ಮಾಡು. ಬಿಪಿ ಸ್ವಲ್ಪ ಮೇಲೇರಿದ್ದು ಕಂಡ ಮೇಲೆ ಹಳೆಯದನ್ನು ನಿಧಾನಕ್ಕೆ ಇಳಿಸಿ ನಿಲ್ಲಿಸು. ಜೋಡಿಸಿದ ಮೇಲೆ ಯಾವ ಕಾರಣಕ್ಕೂ ಪರ್ಜ್ ಒತ್ತಬೇಡ, ಒಂದೇ ಸಲಕ್ಕೆ ಔಷಧಿ ನುಗ್ಗಿ ಬಿಪಿ 220ಕ್ಕೆ ಹೋಗುತ್ತದೆ. ಆ ಲೈನ್‌ನಲ್ಲಿ ಬೇರೆ ಇಂಜೆಕ್ಷನ್ ಕೂಡ ತಳ್ಳಬೇಡ. ನಿಮ್ಮ ಯೂನಿಟ್‌ನಲ್ಲಿ ಬೇರೆ ರೂಢಿ ಇದ್ದರೆ ಇನ್‌ಚಾರ್ಜ್ ಹತ್ತಿರ ಕೇಳಿ ಅದರ ಪ್ರಕಾರವೇ ಮಾಡು, ಆದರೆ ಕೇಳು. ಸುಮ್ನೆ ನೋಡಿ ಕಲಿಯುವ ವಿಷಯ ಅಲ್ಲ ಇದು.

ನನ್ನ ಅಭ್ಯಾಸ ಒಂದು ಹೇಳುತ್ತೇನೆ. ಹ್ಯಾಂಡೋವರ್ ತಗೊಂಡ ಮೇಲೆ ಮೊದಲ ಹತ್ತು ನಿಮಿಷ ಮಾನಿಟರ್ ಕಡೆ ನೋಡುವುದಿಲ್ಲ. ಪೇಷಂಟ್ ಮುಖ ನೋಡುತ್ತೇನೆ. ಎದೆ ಎರಡು ಕಡೆಯೂ ಸಮ ಏಳುತ್ತಿದೆಯಾ, ಉಸಿರಿನ ಟ್ಯೂಬ್ ತುಟಿಯ ಹತ್ತಿರ ಎಷ್ಟನೇ ಸೆಂಟಿಮೀಟರ್ ಗುರುತಿಗೆ ಇದೆ, ಚಾರ್ಟ್‌ನಲ್ಲಿ 22 ಬರೆದು ಇಲ್ಲಿ 25 ಕಾಣುತ್ತಿದ್ದರೆ ಅದು ಬಲ ಶ್ವಾಸಕೋಶಕ್ಕೆ ಇಳಿದಿದೆ ಅಂತ ಅನುಮಾನ ಬರಬೇಕು. ಪಾದ ಮುಟ್ಟುತ್ತೇನೆ, ತಣ್ಣಗಿದೆಯಾ ಬೆಚ್ಚಗಿದೆಯಾ. ಪ್ರತಿ ಲೈನನ್ನೂ ಬಾಟಲಿಯಿಂದ ಚರ್ಮದವರೆಗೆ ಬೆರಳಲ್ಲಿ ಹಿಡಿದು ಬರುತ್ತೇನೆ. ಯೂರಿನ್ ಬ್ಯಾಗ್ ನಾನೇ ಬಗ್ಗಿ ನೋಡುತ್ತೇನೆ. ಕೆಜಿಗೆ ಅರ್ಧ ಎಂಎಲ್ ಲೆಕ್ಕದಲ್ಲಿ, 60 ಕೆಜಿ ಇರುವವರಿಗೆ ಗಂಟೆಗೆ 30 ಎಂಎಲ್ ಬರದಿದ್ದರೆ ಕಾರಣ ಹುಡುಕಬೇಕು, ಬಿಪಿ ಚೆನ್ನಾಗಿ ಕಾಣುತ್ತಿದ್ದರೂ ಸರಿ. ಕೊನೆಗೆ ತಲೆಯ ಹತ್ತಿರ ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ಇದೆಯಾ, ಸಕ್ಷನ್ ಎಳೆಯುತ್ತಿದೆಯಾ, ಅಲಾರಂ ಮಿತಿಗಳನ್ನು ಹಿಂದಿನ ಪಾಳಿಯವರು ಎಲ್ಲಿಗೆ ಇಟ್ಟಿದ್ದಾರೆ. ಒಮ್ಮೆ ಒಬ್ಬರು ಕೂಗು ಕೇಳಲಾರದೆ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಅಲಾರಂನ 80ಕ್ಕೆ ಇಳಿಸಿ ಹೋಗಿದ್ದರು. ನಾನು ನೋಡಿರದಿದ್ದರೆ ಏನಾಗುತ್ತಿತ್ತೋ.

ಮತ್ತೆ ಸ್ಯಾಚುರೇಶನ್ ದಿಢೀರ್ ಬಿದ್ದು ಕಾರಣ ತಿಳಿಯದಿದ್ದರೆ ಮೆಷಿನ್ ಮುಂದೆ ನಿಂತು ಯೋಚಿಸಬೇಡ. ಜೋರಾಗಿ ಜನ ಕರೆ. ವೆಂಟಿಲೇಟರ್ ಬಿಡಿಸಿ ಪೂರ್ತಿ ಆಕ್ಸಿಜನ್ ಇಟ್ಟು ಆಂಬು ಒತ್ತು. ಸುಲಭಕ್ಕೆ ಹೋದರೆ ತೊಂದರೆ ಮೆಷಿನ್‌ನಲ್ಲಿ ಇದ್ದಿರಬಹುದು, ಗಟ್ಟಿಯಾಗಿದ್ದರೆ ಟ್ಯೂಬ್ ಕಟ್ಟಿದೆಯಾ, ಜಾರಿದೆಯಾ, ಎದೆಯೊಳಗೆ ಗಾಳಿ ತುಂಬಿದೆಯಾ ಅಂತ ನೋಡಬೇಕು.

ಭಯ ಹೋಗುತ್ತಾ ಅಂದೆ. ನನ್ನದು ಪೂರ್ತಿ ಹೋಗಿಲ್ಲ. ಮೊದಲ ಒಂದು ವರ್ಷ ಅದು ನನ್ನನ್ನು ನಿಲ್ಲಿಸಿಬಿಡುತ್ತಿತ್ತು, ಈಗ ಅದೇ ಭಯ ಎರಡನೇ ಸಲ ಲೇಬಲ್ ಓದಿಸುತ್ತದೆ.

ಹುಬ್ಬಳ್ಳಿ ಬ್ರದರ್:

ನಮಸ್ಕಾರ ಸಿಸ್ಟರ್. ಮೇಲೆ ಅಕ್ಕಾವ್ರು ಪಂಪ್ ವಿಷಯ ಪೂರ್ತಿ ಹೇಳಿದ್ದಾರೆ. ನಾನು ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಅದು ಸಣ್ಣ ಪ್ರಶ್ನೆ ಅಲ್ಲ ನೋಡ್ರಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿದ್ದೇನೆ. ನಮ್ಮ ಕಡೆ ಐಸಿಯುಗೆ ಬರುವವರಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋದವರು, ಹಾವು ಕಚ್ಚಿದವರು ಬಹಳ. ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದ. ನೆಲದ ಮೇಲೆ ಮಲಗಿದ್ದವನಿಗೆ ರಾತ್ರಿ ಕಟ್ಟುಹಾವು ಕಚ್ಚಿತ್ತು. ಅದು ಕಚ್ಚಿದರೆ ಊತ ಇರುವುದಿಲ್ಲ, ನೋವೂ ಇರುವುದಿಲ್ಲ, ಗಾಯ ಹುಡುಕಿದರೂ ಸಿಗುವುದಿಲ್ಲ. ಬೆಳಗ್ಗೆ ಹೊಟ್ಟೆನೋವು ಅಂದಿದ್ದಾನೆ, ಆಮೇಲೆ ರೆಪ್ಪೆ ಜೋತು ಬಿದ್ದಿದೆ, ಮಧ್ಯಾಹ್ನ ನಮ್ಮಲ್ಲಿಗೆ ಬರುವಾಗ ಉಸಿರು ನಿಲ್ಲುತ್ತಿತ್ತು. ಟ್ಯೂಬ್ ಹಾಕಿದರು, ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಹತ್ತು ವಯಲ್ ಕೊಟ್ಟೆವು. ಮರುದಿನ ನೋಡಿದರೆ ಕೈಕಾಲು ಒಂದಿಷ್ಟೂ ಆಡುವುದಿಲ್ಲ, ಕಣ್ಣಿಗೆ ಟಾರ್ಚ್ ಹಾಕಿದರೆ ಪಾಪೆ ಕುಗ್ಗುವುದಿಲ್ಲ, ಸಕ್ಷನ್ ಹಾಕಿದರೆ ಕೆಮ್ಮು ಇಲ್ಲ. ಹೊಸಬರು ಯಾರು ನೋಡಿದರೂ ಮಿದುಳು ಸತ್ತಿದೆ ಅನ್ನಬೇಕು. ಮನೆಯವರು ಕರಕೊಂಡು ಹೋಗುತ್ತೇವೆ ಅಂತ ನಿಂತಿದ್ದರು. ನಮ್ಮ ಡಾಕ್ಟರ್ ಒಬ್ಬರು, ಇದು ಹಾವಿನ ವಿಷ ನರ ಮತ್ತು ಸ್ನಾಯುವಿನ ನಡುವಿನ ಕೊಂಡಿ ಕಟ್ಟಿರೋದು, ಮಿದುಳಿಗೆ ಏನೂ ಆಗಿಲ್ಲ, ನಾಲ್ಕು ದಿನ ಉಸಿರಾಡಿಸಿ ಅಂದರು.

ಐದನೇ ದಿನ ಹೆಬ್ಬೆರಳು ಅಲುಗಾಡಿತು. ಒಂಬತ್ತನೇ ದಿನ ಟ್ಯೂಬ್ ತೆಗೆದೆವು. ಗಂಟಲು ಕಟ್ಟಿತ್ತು, ಆದರೂ ಅವನು ಮೊದಲು ಹೇಳಿದ್ದು ಏನು ಗೊತ್ತೇನ್ರಿ? "ಅಣ್ಣಾ, ನನಗ ಎಲ್ಲಾ ಕೇಳಸ್ತಿತ್ತು." ಎರಡನೇ ದಿನ ಯಾರೋ ಅವನ ತಲೆಯ ಹತ್ತಿರ ನಿಂತು "ಇವ ಮುಗದ ಬಿಡ್ರಿ" ಅಂದಿದ್ದರು. ಅದೂ ಕೇಳಿಸಿತ್ತು. ಯಾರು ಅಂದರು ಅಂತಲೂ ಅವನಿಗೆ ಗೊತ್ತಿತ್ತು.

ಅವತ್ತಿನಿಂದ ನಾನು ಎಲ್ಲರ ಜೊತೆ ಮಾತಾಡುತ್ತೇನೆ. ದೊಡ್ಡ ಮಾತು ಏನೂ ಬೇಕಾಗಿಲ್ಲ. "ಯಜಮಾನ್ರ, ಇವತ್ತು ಮಂಗಳವಾರ, ಬೆಳಗ್ಗೆ ಏಳು ಗಂಟೆ, ಹೊರಗೆ ಮಳೆ ಇದೆ. ಈಗ ಬಾಯಿ ಒರೆಸುತ್ತೇನೆ, ಸ್ವಲ್ಪ ತಂಪು ಅನ್ನಿಸುತ್ತದೆ. ನಿಮ್ಮ ಮಗಳು ಹೊರಗೆ ಕೂತಿದ್ದಾಳೆ." ಇಷ್ಟೇ. ಸಕ್ಷನ್ ಹಾಕುವ ಮೊದಲು ತಪ್ಪದೇ ಹೇಳಿ, ಅದು ಉಸಿರು ಕಟ್ಟಿದ ಹಾಗೆ ಆಗುತ್ತದೆ, ಹದಿನೈದು ಸೆಕೆಂಡ್ ಮೀರಬೇಡಿ.

ಇನ್ನು ಹೊಲದ ಔಷಧಿ ಹೊಟ್ಟೆಗೆ ಹೋದವರ ವಿಷಯ ಒಂದೇ ಮಾತು. ಆ ವಿಷಕ್ಕೆ ಕೊಡುವ ಅಟ್ರೋಪಿನ್ ಕೊಟ್ಟು ಕಂಕುಳು ಒಣಗಿತು, ಎದೆ ಸ್ವಚ್ಛ ಆಯಿತು, ಪೇಷಂಟ್ ಎದ್ದು ಕೂತರು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಉಸಿರಾಟದ ಸ್ನಾಯು ಸೋಲಬಹುದು. ಸ್ಯಾಚುರೇಶನ್ ಬೀಳುವುದು ಕೊನೆಗೆ. ಅದಕ್ಕೂ ಮೊದಲು ಕುತ್ತಿಗೆ ಸೋಲುತ್ತದೆ. ಪ್ರತಿ ಪಾಳಿಯಲ್ಲಿ "ದಿಂಬಿನಿಂದ ತಲೆ ಎತ್ತಿ" ಅನ್ನಿ, "ಒಂದೇ ಉಸಿರಿನಲ್ಲಿ ಇಪ್ಪತ್ತರ ತನಕ ಎಣಿಸಿ" ಅನ್ನಿ. ನಿನ್ನೆ ಇಪ್ಪತ್ತು ಎಣಿಸಿದವರು ಇವತ್ತು ಒಂಬತ್ತಕ್ಕೆ ನಿಂತರೆ ಡಾಕ್ಟರ್‌ನ ಎಬ್ಬಿಸಿ. ರಾತ್ರಿ ಎರಡಾದರೂ ಎಬ್ಬಿಸಿ, ಬೈದರೂ ಎಬ್ಬಿಸಿ.

ಜಿಎನ್‌ಎಂ ಮೂರನೇ ವರ್ಷ:

ಪರ್ಜ್ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಇಬ್ಬರಿಗೂ ಥ್ಯಾಂಕ್ಸ್. ಬರೆದಿಟ್ಟುಕೊಂಡೆ.

ಬಿಟ್ಟುಬಂದವಳು:

ಎಲ್ಲರೂ ಧೈರ್ಯ ಹೇಳುತ್ತಿದ್ದಾರೆ. ನಾನು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನಾನು ಐಸಿಯು ಬಿಟ್ಟು ಈಗ ಡಯಾಲಿಸಿಸ್‌ನಲ್ಲಿದ್ದೇನೆ. ಚೆನ್ನಾಗಿ ನಿದ್ದೆ ಮಾಡುತ್ತೇನೆ. ಬಿಟ್ಟಿದ್ದಕ್ಕೆ ನಾಚಿಕೆ ಇಲ್ಲ. ರಾತ್ರಿಪಾಳಿ ಅಕ್ಕ ಹೇಳಿದ್ದೆಲ್ಲ ನಿಜ, ಆದರೆ ಅಕ್ಕಾ, ಎರಡು ವೆಂಟಿಲೇಟರ್ ಪೇಷಂಟ್‌ಗಳನ್ನು ಮೂರು ತಿಂಗಳ ಹುಡುಗಿಗೆ ಕೊಟ್ಟವರ ಬಗ್ಗೆ ನೀವು ಒಂದು ಮಾತೂ ಆಡಲಿಲ್ಲವಲ್ಲ. ವೆಂಟಿಲೇಟರ್ ಮೇಲಿರುವವರಿಗೆ ಒಬ್ಬರಿಗೆ ಒಬ್ಬ ನರ್ಸ್ ಅಂತ ನಮ್ಮ ದೇಶದ ನಿಯಮಗಳಲ್ಲೂ ಇದೆ. ಅವಳು ಪಕ್ಕದ ಬೆಡ್‌ನಲ್ಲಿ ಸಕ್ಷನ್ ಮಾಡುತ್ತಿದ್ದಾಗ ಸಿರಿಂಜ್ ಖಾಲಿ ಆಯಿತು. ಅವಳಿಗೆ ಇರುವುದು ಎರಡೇ ಕೈ. ಇದನ್ನು ಅವಳೊಬ್ಬಳ ತಪ್ಪು ಅಂತ ನಾನು ಒಪ್ಪುವುದಿಲ್ಲ.

ನಾನಿದ್ದ ಕಡೆ ಮೂರು ಬೆಡ್ ಕೊಡುತ್ತಿದ್ದರು. ಯಾರಾದರೂ ರಜೆ ಹಾಕಿದರೆ ಡಬಲ್ ಡ್ಯೂಟಿ. ಬಿಡುತ್ತೇನೆ ಅಂದಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ, ಬಾಂಡ್ ಇದೆ ಅಂದರು. ಅಪ್ಪ ಮೂರು ಸಲ ಬಂದು ಅಲೆದರು. ಸಂಬಳದ ವಿಷಯವೂ ಎಲ್ಲರಿಗೂ ಗೊತ್ತಿರಲಿ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಬೆಡ್‌ಗಿಂತ ಕಡಿಮೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಜಾಸ್ತಿ ಬೆಡ್ ಇದ್ದರೆ ಸರ್ಕಾರಿ ನರ್ಸ್‌ಗೆ ಸಮ ಕೊಡಬೇಕು ಅಂತ ಆ ಸಮಿತಿ ಶಿಫಾರಸು ಮಾಡಿತು. ನಾನು ಕೈಗೆ ತಗೊಳ್ಳುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ.

ಹಾಗಾಗಿ ತಂಗಿ, ವಾಪಸ್ ಹೋಗಬೇಕು ಅನ್ನಿಸಿದರೆ ಹೋಗು. ಇರಬೇಕು ಅನ್ನಿಸಿದರೆ, ಒಂದೇ ವೆಂಟಿಲೇಟರ್ ಪೇಷಂಟ್ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ ಇರು.

ರಾತ್ರಿಪಾಳಿ:

ಬಿಟ್ಟುಬಂದವಳು, ನೀನು ಹೇಳಿದ್ದು ಸರಿ. ಅದನ್ನು ನಾನೇ ಮೊದಲು ಹೇಳಬೇಕಿತ್ತು. ಇಷ್ಟು ವರ್ಷ ಎರಡು ಬೆಡ್ ನೋಡಿಕೊಂಡು ನಮಗೆ ಅದೇ ಮಾಮೂಲು ಅನ್ನಿಸಿಬಿಟ್ಟಿದೆ. ತಂಗಿ, ಇನ್ಸಿಡೆಂಟ್ ಫಾರ್ಮ್‌ನಲ್ಲಿ ಇದನ್ನೂ ಬರೆ. ಆಗ ನಿನ್ನ ಹತ್ತಿರ ಎಷ್ಟು ಬೆಡ್ ಇತ್ತು, ಆ ನಿಮಿಷ ನೀನು ಎಲ್ಲಿದ್ದೆ, ಎರಡನೇ ಪಂಪ್ ಇತ್ತಾ ಇಲ್ಲವಾ.

ಶರಾವತಿ ಕಡೆಯವಳು:

ನಾನು ಹೊನ್ನಾವರದವಳು, ಈಗ ಇಂಗ್ಲೆಂಡ್‌ನ ಐಸಿಯುನಲ್ಲಿದ್ದೇನೆ. ಇಲ್ಲಿ ವೆಂಟಿಲೇಟರ್ ಪೇಷಂಟ್‌ಗೆ ಒಬ್ಬರೇ ನರ್ಸ್. ಊಟಕ್ಕೆ ಹೋಗುವಾಗ ಇನ್ನೊಬ್ಬರು ಬಂದು ಹ್ಯಾಂಡೋವರ್ ತಗೊಂಡ ಮೇಲೆಯೇ ಬೆಡ್ ಬಿಡುವುದು. ಮೊದಲ ತಿಂಗಳು ನನಗೆ ಅದನ್ನು ನೋಡಿ ಊರಿನ ನಮ್ಮ ಹುಡುಗಿಯರನ್ನು ನೆನೆದು ಹೊಟ್ಟೆ ಉರಿಯುತ್ತಿತ್ತು.

ಇಲ್ಲಿ ಇನ್ನೊಂದು ರೂಢಿ ನನಗೆ ಬಹಳ ಇಷ್ಟ. ಬೆಡ್ ಪಕ್ಕ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ದಿನಾ ನರ್ಸ್ ನಾಲ್ಕು ಸಾಲು ಬರೆಯುತ್ತಾರೆ, ಮನೆಯವರೂ ಬರೆಯುತ್ತಾರೆ. ಇವತ್ತು ಮೊದಲ ಸಲ ಕಣ್ಣು ಬಿಟ್ಟಿರಿ, ಇವತ್ತು ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿದೆವು ಅಂತ. ಗುಣವಾದ ಮೇಲೆ ಅದನ್ನು ಪೇಷಂಟ್‌ಗೇ ಕೊಡುತ್ತೇವೆ. ಎಷ್ಟೋ ಜನಕ್ಕೆ ಆ ದಿನಗಳು ನೆನಪೇ ಇರುವುದಿಲ್ಲ, ಇಲ್ಲ ಕೆಟ್ಟ ಕನಸಿನ ಹಾಗೆ ಉಳಿದಿರುತ್ತದೆ. ಏನು ಮಾತಾಡಬೇಕು ಅಂತ ತೋಚದಿದ್ದರೆ, ನೋಟ್‌ಬುಕ್‌ನಲ್ಲಿ ಏನು ಬರೆಯುತ್ತಿದ್ದೆ ಅಂದುಕೊಂಡು ಅದನ್ನೇ ಜೋರಾಗಿ ಹೇಳು.

ಮತ್ತೆ, ಎಲ್ಲರೂ ಪಂಪ್, ಟ್ಯೂಬ್ ಅನ್ನುತ್ತಿದ್ದೀರಿ, ಬ್ಯಾಕ್ ಕೇರ್ ಬಗ್ಗೆ, ಅಂದರೆ ಮಲಗಿದ್ದವರ ಬೆನ್ನು, ಚರ್ಮ ಹುಣ್ಣಾಗದ ಹಾಗೆ ನೋಡಿಕೊಳ್ಳುವುದರ ಬಗ್ಗೆ, ಯಾರೂ ಹೇಳಲಿಲ್ಲ. ನಮ್ಮ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ನಿಮಗೆಲ್ಲ ಗೊತ್ತು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು, 1973ರಲ್ಲಿ ಅವರ ಮೇಲೆ ಆ ಕ್ರೂರ ಹಲ್ಲೆ ಆಯಿತು, 2015ರ ಮೇ 18ರಂದು ತೀರಿಕೊಂಡರು. ನಡುವಿನ ನಲವತ್ತೊಂದು ವರ್ಷಕ್ಕೂ ಮೇಲೆ ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ಒಬ್ಬರು ನಿವೃತ್ತಿಯಾದರೆ ಇನ್ನೊಬ್ಬರು. ಅಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಮೈಯಲ್ಲಿ ಬೆಡ್‌ಸೋರ್ (ಮಲಗಿ ಒತ್ತಿ ಆಗುವ ಹುಣ್ಣು) ಇರಲಿಲ್ಲ ಅನ್ನುವುದು ಸುಪ್ರೀಂ ಕೋರ್ಟ್‌ನ 2011ರ ತೀರ್ಪಿನಲ್ಲೇ ಇದೆ. ಅದಕ್ಕೆ ಮೆಷಿನ್ ಬೇಕಾಗಲಿಲ್ಲ. ಮಗ್ಗುಲು ಬದಲಿಸಿದರು, ಮೈ ಒರೆಸಿದರು, ಬೆಡ್‌ಶೀಟ್‌ನ ಸುಕ್ಕು ಬಿಡಿಸಿದರು. ನಾನು ಎರಡು ಗಂಟೆಗೊಮ್ಮೆ ಪೇಷಂಟ್‌ನ ತಿರುಗಿಸುವಾಗ ಹಳದೀಪುರದ ರಸ್ತೆ ಕಣ್ಣ ಮುಂದೆ ಬರುತ್ತದೆ. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ತಲೆಯ ಹಿಂಭಾಗ, ಕಿವಿಯ ಹಿಂದೆ ಆಕ್ಸಿಜನ್ ದಾರ ಒತ್ತುವ ಜಾಗ, ಇವನ್ನು ಪ್ರತಿ ಸಲ ನೋಡು. ತಲೆಯ ಕಡೆ 30 ಡಿಗ್ರಿ ಎತ್ತರ ಇಡುವುದು ಮರೆಯಬೇಡ, ಇಲ್ಲದಿದ್ದರೆ ಹೊಟ್ಟೆಯದು ಶ್ವಾಸಕೋಶಕ್ಕೆ ಹೋಗುತ್ತದೆ.

ಹೊರಗೆ ಕಾದವನು:

ನಾನು ನರ್ಸ್ ಅಲ್ಲ, ಹಾಸನದವನು. ಅಪ್ಪ ಹನ್ನೊಂದು ದಿನ ಐಸಿಯುನಲ್ಲಿದ್ದರು, ಉಳಿಯಲಿಲ್ಲ. ದಿನಕ್ಕೆ ಎರಡು ಸಲ ಐದೈದು ನಿಮಿಷ ಒಳಗೆ ಬಿಡುತ್ತಿದ್ದರು. ಡಾಕ್ಟರ್ ಹೇಳಿದ ಒಂದು ಮಾತೂ ಈಗ ನೆನಪಿಲ್ಲ. ಏಳನೇ ದಿನ ಒಬ್ಬ ಸಿಸ್ಟರ್ "ಇವತ್ತು ಅಪ್ಪನಿಗೆ ಗಡ್ಡ ತೆಗೆದಿದ್ದೀವಿ, ಮುಖ ಮುಟ್ಟಿ ನೋಡಿ" ಅಂದರು. ಮುಟ್ಟಿದೆ. ಮನೆಯಲ್ಲಿ ಅಪ್ಪ ಒಂದು ದಿನವೂ ಗಡ್ಡ ಬಿಟ್ಟವರಲ್ಲ, ಅದು ಆ ಸಿಸ್ಟರ್‌ಗೆ ಹೇಗೆ ಗೊತ್ತಾಯಿತೋ. ಅವರ ಹೆಸರೂ ಕೇಳಲಿಲ್ಲ ನಾನು. ನೀವು ಅಲ್ಲೇ ಇರಿ ಅಂತ ಹೇಳುವ ಹಕ್ಕು ನನಗಿಲ್ಲ. ನಿಮ್ಮಂಥವರು ಒಳಗೆ ಇದ್ದೀರಿ ಅಂತಲೇ ನಾವು ಹೊರಗೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದು.

ತುಂಗೆಯ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಫಾರ್ಮ್ ಬರೆದು ಕೊಟ್ಟೆ. ರಾತ್ರಿಪಾಳಿ ಅಕ್ಕ ಹೇಳಿದ ಹಾಗೆ ಎರಡು ಬೆಡ್ ಇದ್ದದ್ದು, ಎರಡನೇ ಪಂಪ್ ಪಕ್ಕದ ಪೇಷಂಟ್‌ಗೆ ಹೋಗಿದ್ದು, ಎಲ್ಲ ಬರೆದೆ. ಇನ್‌ಚಾರ್ಜ್ ಸಿಸ್ಟರ್ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮೂರು ತಿಂಗಳು ನಿನಗೆ ಒಂದೇ ವೆಂಟಿಲೇಟರ್ ಬೆಡ್, ಜೊತೆಗೆ ಬೇಕಿದ್ದರೆ ವೆಂಟಿಲೇಟರ್ ಇಲ್ಲದವರು ಒಬ್ಬರು ಅಂದರು. ಪೂರ್ತಿ ಒಬ್ಬರಿಗೆ ಒಬ್ಬರು ಆಗಲಿಲ್ಲ, ಆದರೂ ಮೊದಲಿಗಿಂತ ವಾಸಿ. ನಾರ್‌ಅಡ್ರಿನಲಿನ್ ಬದಲಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಔಷಧಿ ಟ್ರಾಲಿಗೆ ಅಂಟಿಸಿ ಅಂತಲೂ ಹೇಳಿದರು. ನಾನೇ ಬರೆದು ಅಂಟಿಸಿದೆ, ಕನ್ನಡದಲ್ಲಿ.

ಮೊನ್ನೆ ರಾತ್ರಿ ಮತ್ತೆ ಸಿರಿಂಜ್ ಬದಲಿಸುವುದು ಬಂತು. ಸೀನಿಯರ್ ಸಿಸ್ಟರ್ ಪಕ್ಕ ನಿಂತಿದ್ದರು, ಕೈ ಹಾಕಲಿಲ್ಲ. ಪರ್ಜ್ ಮಾಡಿ, ಹನಿ ನೋಡಿ, ಜೋಡಿಸಿ, ಹಳೆಯದನ್ನು ಇಳಿಸುತ್ತಾ ಬಂದೆ. 110 ಇದ್ದ ಬಿಪಿ 106ಕ್ಕೆ ಬಂದು, 114ಕ್ಕೆ ಹೋಗಿ, ಮತ್ತೆ 110ಕ್ಕೆ ನಿಂತಿತು. ಪೇಷಂಟ್‌ಗೆ "ಅಜ್ಜಾ, ಔಷಧಿ ಬದಲಿಸಿದೆ, ಏನೂ ತೊಂದರೆ ಇಲ್ಲ, ಆಗುಂಬೆಯಲ್ಲಿ ಮಳೆ ಹಿಡಿದಿದೆಯಂತೆ" ಅಂದೆ. ಅವರು ಕೊಪ್ಪದ ಕಡೆಯವರು. ಏನೂ ಅಲುಗಾಡಲಿಲ್ಲ, ಆದರೂ ಹೇಳಿದೆ.

ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ. ವಾರ್ಡ್‌ಗೆ ಕೇಳುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಅಕ್ಕಾ, ಟ್ಯೂಬ್ ಕಫ್ (ಟ್ಯೂಬ್ ತುದಿಯ ಗಾಳಿ ಬಲೂನು) ಪ್ರೆಶರ್ 20ರಿಂದ 30 ಸೆಂಟಿಮೀಟರ್ ನೀರಿನ ಒಳಗೆ ಇಡಬೇಕು ಅಂತ ಓದಿದೆ, ಆದರೆ ನಮ್ಮಲ್ಲಿ ಅಳೆಯುವ ಮೀಟರ್ ಕೆಟ್ಟಿದೆ, ಎಲ್ಲರೂ ಬೆರಳಲ್ಲಿ ಒತ್ತಿ ನೋಡುತ್ತಾರೆ. ಅದು ಸಾಕಾ?

ರಾತ್ರಿಪಾಳಿ:

ಸಾಲದು. ಬೆರಳಿಗೆ ಮೆತ್ತಗೆ ಅನ್ನಿಸಿದ್ದು ಎಷ್ಟೋ ಸಲ 60 ಇರುತ್ತದೆ, ಶ್ವಾಸನಾಳದ ಒಳಗೋಡೆ ಹುಣ್ಣಾಗುತ್ತದೆ. ಪಕ್ಕದ ಆಪರೇಷನ್ ಥಿಯೇಟರ್‌ನಲ್ಲಿ ಮೀಟರ್ ಇರುತ್ತದೆ, ಅನಸ್ತೇಶಿಯಾ ಟೆಕ್ನಿಶಿಯನ್‌ನ ಕೇಳಿ ಪಾಳಿಗೊಮ್ಮೆ ತಂದು ನೋಡು. ಹೊಸದಕ್ಕೆ ಇವತ್ತೇ ಇಂಡೆಂಟ್ (ಸ್ಟೋರ್‌ಗೆ ಬೇಡಿಕೆ ಪತ್ರ) ಹಾಕಿಸು.